ಖಾರಾದ ಅಂಗಡಿಗೆ ಹೋದ ಪದಗಳು

ಸವಣೂರು
೧೪ ಮಾರ್ಚ್ ೨೦೨೪

ಫರ್ಹತಳಿಗೆ ಮಾವ ಶೇಖಸಾಬನ ಸಲಾಮು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತದಿರುವುದೇ ಒಳ್ಳೆಯದು. ಫೋನಿನಲ್ಲಿ ನನ್ನ ಸಿಟ್ಟು ನನಗಿಂತ ಮುಂದೆ ಓಡುತ್ತದೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಬರೆಯುವಾಗ ಒಂದೊಂದು ಅಕ್ಷರಕ್ಕೂ ನಿಂತು ಹೋಗಬೇಕಾಗುತ್ತದೆ, ಅಷ್ಟರಲ್ಲಿ ಸಿಟ್ಟಿಗೂ ದಣಿವಾಗುತ್ತದೆ. ಅದಕ್ಕೇ ಈ ಕಾಗದ. ಅಯಾಜ್ ವೀಳ್ಯದೆಲೆಯ ಗಾಡಿ ತೆಗೆದುಕೊಂಡು ಅಕ್ಕಿಆಲೂರು ಸಂತೆಗೆ ಬರುತ್ತಾನೆ, ಅವನ ಕೈಯಲ್ಲಿ ಕೊಟ್ಟಿದ್ದೇನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು. ಹೆಂಡತಿಯ ಮುಂದೆಯೂ ಬಾಯಿ ಬಿಡದ, ಅಪ್ಪನ ಮುಂದೆಯೂ ಬಾಯಿ ಬಿಡದ ಮಗ. ಟಪಾಲು ಒಯ್ಯಲು ಯೋಗ್ಯ.

ಮೊದಲು ಕೆಲಸದ ಮಾತು. ರಮಜಾನ್ ಬಂತೆಂದು ಮನೆ ಸ್ವಚ್ಛ ಮಾಡಿದಿರಿ, ಹಳೆಯ ಪೇಪರೆಲ್ಲ ರದ್ದಿಗೆ ಹೋಯಿತು. ಸರಿ. ಆ ರದ್ದಿಯ ಜೊತೆ ನಿನ್ನ ಅತ್ತೆ ಹಾಜರಾಳ ಪುಸ್ತಕವೂ ಹೋಗಿದೆ. ಯಾವ ಅಂಗಡಿಗೆ ಕೊಟ್ಟೆ? ಈ ಊರಿನಲ್ಲಿ ಯಾವ ಓಣಿಗೆ ಹೋದರೂ ಸೇವು, ಚೂಡಾ ಮಾರುವ ಒಬ್ಬ ಖಾರಾದವನು ಇದ್ದಾನೆ, ಎಲ್ಲರೂ ರದ್ದಿಯಲ್ಲೇ ಪೊಟ್ಟಣ ಕಟ್ಟುತ್ತಾರೆ. ನಾನು ಯಾರ ಬಾಗಿಲಿಗೆ ಹೋಗಲಿ?

ಆ ಪುಸ್ತಕ ಏನೆಂದು ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಹಾಜರಾ ಬಂಕಾಪುರದಿಂದ ಮದುವೆಯಾಗಿ ಬಂದಾಗ ಬಟ್ಟೆಯ ಗಂಟಿನಲ್ಲಿ ತಂದದ್ದು ಅದು. ಆಗಲೇ ಹಳೆಯದು. ಅವಳ ಅಪ್ಪ ಹಾನಗಲ್ಲಿನಲ್ಲಿ ಯಾವುದೋ ದೊಡ್ಡ ಮನೆಯ ಸಾಮಾನು ಹರಾಜಾದಾಗ ತಂದಿದ್ದನಂತೆ. ರಟ್ಟು ಹೋಗಿತ್ತು, ಮೊದಲ ಹಾಳೆಗಳು ಹೋಗಿದ್ದವು, ಬರೆದವನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಮನೆ, ತಾಯಿ, ತೊಟ್ಟಿಲು, ಒಲೆ, ಅಣ್ಣತಮ್ಮಂದಿರು, ಇಂಥವುಗಳ ಮೇಲೆ ಕಟ್ಟಿದ ಹಾಡಿನ ಪದಗಳು. ಒಂದು ಕಾಲಕ್ಕೆ ಮನೆಮನೆಯಲ್ಲಿ ಓದುತ್ತಿದ್ದರಂತೆ. ಹಾಜರಾ ಅದಕ್ಕೆ ಕ್ಯಾಲೆಂಡರಿನ ಹಾಳೆ ಹಚ್ಚಿ ರಟ್ಟು ಮಾಡಿದಳು. ಅದು ಹರಿದರೆ ಮತ್ತೊಂದು ವರ್ಷದ ಕ್ಯಾಲೆಂಡರು. ಅವಳಿಲ್ಲದ ಎರಡನೆಯ ರಮಜಾನ್ ಇದು. ಸೀರೆಗಳನ್ನು ಹಂಚಿದೆವು. ಅವಳ ಕೈ ಆಡಿದ್ದು ಎಂದು ಮನೆಯಲ್ಲಿ ಉಳಿದದ್ದು ಅದೊಂದೇ.

ಪುಸ್ತಕ ಹೋದದ್ದು ಗೊತ್ತಾದ ದಿನ ನಾನು ಒಂದು ಮಾತು ಅಂದೆ. “ಇದು ನಿನ್ನ ಮನಿ ಅಲ್ಲ, ಹಾಜರಾನ ಮನಿ” ಅಂದೆ. ಅಂದದ್ದು ಹೌದು. ಅದಕ್ಕೆ ನನ್ನ ಅಕ್ಕ ಕುಲಸುಮಬಿ ನನಗೆ ಮೂರು ಹೊತ್ತೂ ಬೈಯುತ್ತಿದ್ದಾಳೆ, ರೋಜಾದ ಉಪವಾಸ ಹಿಡಿದ ಬಾಯಿಯಲ್ಲಿಯೇ. ಸಿಟ್ಟಿನ ಮಾತನ್ನು ಬುತ್ತಿಯಂತೆ ಕಟ್ಟಿಕೊಂಡು ತವರಿಗೆ ಹೋಗುವುದೇ? ನೀನು ನೋಡದೆ ಹಾಕಿದ್ದೀ. ತಪ್ಪು ಯಾರಿಂದಲೂ ಆಗುತ್ತದೆ. ಈದ್‌ಗೆ ಮುಂಚೆ ಮನೆಗೆ ಬಾ.

ನಿನ್ನ ಮಾವ
ಶೇಖಸಾಬ

&nbsp;

ಅಕ್ಕಿಆಲೂರು
೧೯ ಮಾರ್ಚ್ ೨೦೨೪

ಅಬ್ಬಾ ಅವರಿಗೆ ಸಲಾಮು.

ಪುಸ್ತಕ ಹೋದದ್ದು ಬಸ್ ಸ್ಟ್ಯಾಂಡಿನ ಹತ್ತಿರ ಇರುವ ಸುಭಾಸ ಅವರ ಖಾರಾದ ಅಂಗಡಿಗೆ. ಪೇಪರಿನ ಕಟ್ಟಿನ ನಡುವೆ ಇತ್ತು. ಬೇಗ ಹೋದರೆ ಸ್ವಲ್ಪವಾದರೂ ಸಿಗಬಹುದು.

ನೋಡದೆ ಹಾಕಿದ್ದೀ ಎಂದು ಬರೆದಿದ್ದೀರಿ. ನೀವು ಹಾಗೆಯೇ ತಿಳಿದುಕೊಂಡರೆ ನನಗೆ ಮನೆಗೆ ಬರುವುದು ಸುಲಭ. ಆದರೆ ಅದು ಸುಳ್ಳಾಗುತ್ತದೆ. ನಾನು ನೋಡಿಯೇ ಹಾಕಿದೆ.

ನಸುಕಿನ ಸಹರಿ ಊಟದ ಹೊತ್ತಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಮರೆಯಬೇಡಿ. ಕಪಾಟಿನ ಮೇಲಿನ ಖಾನೆಯಲ್ಲಿ, ಬಿಳಿ ಡಬ್ಬಿಯಲ್ಲಿವೆ. ಕುಲಸುಮಬಿ ಫೂಫುಗೆ ನನ್ನ ಸಲಾಮು.

ಫರ್ಹತ

&nbsp;

ಸವಣೂರು
೨೭ ಮಾರ್ಚ್ ೨೦೨೪

ಫರ್ಹತಳಿಗೆ,

ಸುಭಾಸನ ಅಂಗಡಿಗೆ ಹೋಗಿದ್ದೆ. ಇಫ್ತಾರಿಗೆ ಖಾರಾ ಒಯ್ಯುವವರ ಗದ್ದಲ. ನಮ್ಮ ಎದುರು ಮನೆಯ ಗುದ್ಲೆಪ್ಪನೂ ಅಲ್ಲೇ ಚೀಲ ಹಿಡಿದು ನಿಂತಿದ್ದ.

“ಬರ್ರಿ ಶೇಖಸಾಬ್ರ, ಎಷ್ಟು ಕಟ್ಟಲಿ?” ಅಂದ ಸುಭಾಸ.

“ಖಾರಾ ಬ್ಯಾಡ. ಕಾಗದ ಬೇಕು.”

“ಬರೇ ಕಾಗದ ತಿನ್ನೂ ರೋಜಾ ಯಾವಾಗಿಂದ ಸುರು ಆತ್ರಿ?”

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪುಸ್ತಕದ ವಿಷಯ ಹೇಳಿದೆ. ಅವನು ಸೌಟು ಕೆಳಗಿಟ್ಟ. “ಪದ್ಯದ್ದೇನ್ರಿ, ಹಳದಿ ಹಾಳಿದು? ಛಲೋ ಕಾಗದ ಬಿಡ್ರಿ ಅದು, ಎಣ್ಣಿ ಹೀರ್ತಿರಲಿಲ್ಲ. ನಿಮ್ಮ ಮನ್ಯಾಗಿಂದು ಅಂತ ನನಗೇನ್ ಗೊತ್ತು?”

ಗುದ್ಲೆಪ್ಪ ನಡುವೆ ಬಾಯಿ ಹಾಕಿದ. “ನನಗ ಮೊನ್ನಿ ತೊಟ್ಟಿಲ ಪದ ಬಂದಿತ್ತು. ಖಾರಾ ಮುಗದ್ರೂ ನಮ್ಮನ್ಯಾಕಿ ಭಾಳ ಹೊತ್ತು ಹಾಳಿ ಬಿಡಲಿಲ್ಲ.”

“ಈಗ ಎಲ್ಲೈತಿ ಅದು?”

“ಒಲಿಗೆ ಹೋತು. ಎಣ್ಣಿ ಹತ್ತಿತ್ತಲ್ಲ, ಭಾಳ ಚಂದ ಉರೀತು.”

ಅವನ ಕೆನ್ನೆಗೆ ಒಂದು ಕೊಡಬೇಕೆನ್ನಿಸಿತು. ರೋಜಾ ಅಡ್ಡ ಬಂತು. ಸುಭಾಸ ಮೂಲೆಯ ಡಬ್ಬಿಯ ಹಿಂದಿನಿಂದ ಉಳಿದದ್ದನ್ನು ತೆಗೆದುಕೊಟ್ಟ. ಅರ್ಧ ಹೋಗಿದೆ. ಕ್ಯಾಲೆಂಡರಿನ ರಟ್ಟನ್ನು ಅವನ ಮಗಳು ತನ್ನ ಪುಸ್ತಕಕ್ಕೆ ಹಾಕಿಕೊಂಡಿದ್ದಾಳೆ. ಇರಲಿ ಬಿಡು ಅಂದೆ. ಉಳಿದ ಹಾಳೆಗಳನ್ನು ಎದೆಗೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದು ಬಂದೆ. ದಾರಿಯಲ್ಲಿ ಎದುರಾದವರೆಲ್ಲ ಸಲಾಮು ಹೇಳಿದರು, ನನಗೆ ಕೈ ಎತ್ತಲು ಬರಲಿಲ್ಲ.

ಈಗ ನಿನ್ನ ಕಾಗದದ ಮಾತು. ನೋಡಿಯೇ ಹಾಕಿದೆ ಎಂದು ಬರೆಯುತ್ತೀ. ಒಂದೇ ಸಾಲು. ಕಾರಣ ಇಲ್ಲ.

ಹಾಜರಾ ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಆ ಪುಸ್ತಕವನ್ನು ಓದಿದವಳು ನೀನು. ಅವಳ ಕಣ್ಣು ಹೋಗಿತ್ತು, ನಿನ್ನ ದನಿ ಇತ್ತು. ಒಳಗಿನ ಕೋಣೆಯಲ್ಲಿ ನೀನು ಓದುತ್ತಿದ್ದೆ, ಹೊರಗೆ ಪಡಸಾಲೆಯಲ್ಲಿ ನಾನು ಎಲೆ ಆಯುತ್ತ ಕೂತಿರುತ್ತಿದ್ದೆ. ಮಧ್ಯಾಹ್ನದ ಹೊತ್ತು, ಒದ್ದೆ ಗೋಣಿಯ ವಾಸನೆ, ನಡುವೆ ಬಾಗಿಲಿನ ಪರದೆ. ಮಾತು ನನಗೆ ತಿಳಿಯುತ್ತಿರಲಿಲ್ಲ. ದನಿ ಏರುತ್ತಿತ್ತು, ಇಳಿಯುತ್ತಿತ್ತು. ಅತ್ತೆ ಸೊಸೆ ಹೀಗಿರುವ ಮನೆ ಈ ಓಣಿಯಲ್ಲಿ ಇನ್ನೊಂದಿಲ್ಲ ಎಂದುಕೊಳ್ಳುತ್ತಿದ್ದೆ. ಅವಳು ಸಾಯುತ್ತಿದ್ದಾಳೆಂದು ಗೊತ್ತಿದ್ದೂ, ನನ್ನ ಆಯುಷ್ಯದಲ್ಲಿ ಮನೆ ಎಂದರೆ ಹೀಗಿರಬೇಕು ಎನ್ನಿಸಿದ್ದು ಆ ಮಧ್ಯಾಹ್ನಗಳಲ್ಲಿ. ಆ ಪುಸ್ತಕವನ್ನು ನೀನು ರದ್ದಿಗೆ ಹಾಕಿದೆ. ತಿಳಿದೂ.

ಕಾರಣ ಬರಿ. ಕಾರಣ ತಿಳಿಯದೆ ಬಾ ಎಂದು ಕರೆಯಲು ನನಗೆ ಬರುವುದಿಲ್ಲ.

ಶೇಖಸಾಬ

&nbsp;

ಅಕ್ಕಿಆಲೂರು
೧೬ ಏಪ್ರಿಲ್ ೨೦೨೪

ಅಬ್ಬಾ ಅವರಿಗೆ ಸಲಾಮು.

ಈದ್ ಮುಗಿಯಿತು. ನೀವು ಕಳಿಸಿದ ಶೀರ್ ಖುರ್ಮಾ ಪಾಯಸವನ್ನು ಅಯಾಜ್ ತಂದುಕೊಟ್ಟರು. ಸಕ್ಕರೆ ಬಹಳ ಬಿದ್ದಿತ್ತು. ನೀವು ಅದನ್ನು ತಿಂದಿಲ್ಲ ಎಂದುಕೊಂಡಿದ್ದೇನೆ.

ಕಾರಣ ಬರೆಯಲು ಇಷ್ಟು ದಿನ ಹಿಡಿಯಿತು. ಬರೆದರೆ ಸತ್ತವರ ಮೇಲೆ ದೂರು ಹೇಳಿದಂತಾಗುತ್ತದೆ ಎಂದು ಹೆದರಿದ್ದೆ. ದೂರು ಅಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಆ ಪುಸ್ತಕದಲ್ಲಿ ಸೊಸೆಯ ಪದ ಎಂದು ಒಂದಿದೆ. ನೀವು ಪಡಸಾಲೆಯಲ್ಲಿ ಎಲೆ ಆಯುತ್ತ ಕೇಳಿದ ದನಿ ಬಹಳ ಸಲ ಅದರದೇ.

ಬಾಗಿಲೊಳಗಿನ ಹಣತೆ ಬಯಲಿಗೇತಕೆ ಬೇಕು?
ಗೋಡೆ ನಾಲ್ಕನು ಬೆಳಗಿ ನಗುತಲಿರೆ ಸಾಕು.

ಹೀಗೆ ಶುರುವಾಗುತ್ತದೆ. ಉದ್ದ ಇದೆ. ನಾನು ಬಿ.ಎಡ್. ಮುಗಿಸಿ ಮದುವೆಯಾಗಿ ಬಂದವಳು. ಅಮ್ಮಾ ಚೆನ್ನಾಗಿದ್ದಾಗ ಒಮ್ಮೆ, ಶಾಲೆಯಲ್ಲಿ ಜಾಗ ಖಾಲಿ ಇದೆಯಂತೆ, ಹೋಗಲಾ ಎಂದು ಕೇಳಿದೆ. “ಫರ್ಹತ, ಆ ಸೊಸಿ ಪದ ಒಂದೀಟ ಓದ ಬೇಟಿ” ಎಂದರು. ಓದಿದೆ. ತಲೆ ಸವರಿದರು. ಅಷ್ಟೇ. ಮುಂದಿನ ವರ್ಷ ಮತ್ತೆ ಕೇಳಿದೆ. ಮತ್ತೆ ಅದೇ ಪದ. ಹಾಸಿಗೆ ಹಿಡಿದ ಮೇಲೆ ನಾನು ಕೇಳುವುದನ್ನೇ ಬಿಟ್ಟೆ, ಆದರೆ ನನ್ನ ಗೆಳತಿಯರು ಯಾರಾದರೂ ಫೋನ್ ಮಾಡಿದ ದಿನ, ಶಾಲೆಯ ಮಾತು ಅವರ ಕಿವಿಗೆ ಬಿದ್ದ ದಿನ, ಮಧ್ಯಾಹ್ನ ಆ ಪದ ಬರುತ್ತಿತ್ತು.

ಅಮ್ಮಾ ಕೆಟ್ಟವರಾಗಿರಲಿಲ್ಲ ಅಬ್ಬಾ. ಕೈಯಲ್ಲಿ ಬಲವಿಲ್ಲದಾಗಲೂ ನನ್ನ ತಲೆ ಬಾಚುತ್ತಿದ್ದರು. ಬೇಡ ಎನ್ನುವ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ, ಅದಕ್ಕೆ ಪದ ಓದಿಸುತ್ತಿದ್ದರು. ನನ್ನ ಬಾಯಿಯಿಂದಲೇ ನನಗೆ ಬೇಡ ಎನ್ನಿಸುತ್ತಿದ್ದರು. ನಾನು ರಾಗವಾಗಿ, ಚೆನ್ನಾಗಿ ಓದುತ್ತಿದ್ದೆ.

ಅವರಿದ್ದಷ್ಟು ದಿನ ಅದನ್ನು ಸಹಿಸಿದೆ. ಈ ಫೆಬ್ರುವರಿಯಲ್ಲಿ ಹಾನಗಲ್ಲಿನ ಒಂದು ಹುಡುಗಿಯರ ಶಾಲೆಯಿಂದ ಕನ್ನಡ ಕಲಿಸಲು ಕರೆ ಬಂತು. ನೀವು ಮರೆತಿರಬಹುದು. ಅಯಾಜ್ ನಿಮ್ಮ ಮುಂದೆ ನಿಂತು ಕೇಳಿದರು, ಅವರು ಕೇಳಿದ್ದೇ ದೊಡ್ಡದು. ನಾನು ಪರದೆಯ ಹಿಂದೆ ಇದ್ದೆ. ನೀವು ಎಲೆಯಿಂದ ತಲೆ ಎತ್ತಲಿಲ್ಲ. “ನಿಮ್ಮ ಅಮ್ಮ ಇದ್ದಿದ್ರ ಏನಂತಿದ್ಲು? ಆಕಿ ಪುಸ್ತಕದಾಗ ಎಲ್ಲಾ ಬರದೈತಿ, ತಗದು ನೋಡು” ಅಂದಿರಿ.

ನೀವು ಅದನ್ನು ತೆರೆದು ನೋಡಿದವರಲ್ಲ. ನಾನು ನೋಡಿದವಳು.

ಮನೆ ಸ್ವಚ್ಛ ಮಾಡುವಾಗ ಅದು ಕೈಗೆ ಬಂತು. ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಪೇಪರುಗಳ ನಡುವೆ ಇಟ್ಟು ಸುತಳಿ ಬಿಗಿದೆ. ಆ ಕಟ್ಟನ್ನು ರದ್ದಿ ಒಯ್ಯಲು ಬಂದ ಹುಡುಗನ ಗಾಡಿಗೆ ಎತ್ತಿ ಇಟ್ಟವರು ನೀವೇ. ಭಾರವಿದೆ ಅಂದಿರಿ.

ನಿಮಗೆ ಆ ಪುಸ್ತಕವೇ ಅಮ್ಮಾ ಆಗಿ ಉಳಿದಿತ್ತು ಎಂದು ನನಗೆ ತಿಳಿದಿರಲಿಲ್ಲ. ನನಗೆ ಅದು ಬೇರೆ ಆಗಿತ್ತು. ನೋವಾಗಿದ್ದರೆ ಮಾಫಿ ಕೇಳುತ್ತೇನೆ. ಹಾಕಿದ್ದಕ್ಕೆ ಅಲ್ಲ, ನಿಮಗೆ ನೋವಾದದ್ದಕ್ಕೆ.

ಫರ್ಹತ

&nbsp;

ಸವಣೂರು
೨ ಮೇ ೨೦೨೪

ಫರ್ಹತಳಿಗೆ,

ಕಾಗದ ಮುಟ್ಟಿತು. ಓದಿದೆ.

ಉಪ್ಪಿನಕಾಯಿಗೆ ಮಾವಿನಕಾಯಿ ಕಳಿಸಿದ್ದೇನೆ. ಬಿಸಿಲು ಬಹಳ.

ಶೇಖಸಾಬ

&nbsp;

ಅಕ್ಕಿಆಲೂರು
೮ ಮೇ ೨೦೨೪

ಅಬ್ಬಾ ಅವರಿಗೆ ಸಲಾಮು.

ಮಾವಿನಕಾಯಿ ಬಂದವು. ನಿಮ್ಮ ಕಾಗದ ಬಂದ ದಿನ ನಮ್ಮ ತಾಯಿ ಬಾಗಿಲಲ್ಲೇ ಹಿಡಿದರು.

“ನಿಮ್ಮ ಮಾವ ಏನ್ ಬರದಾನ?”

“ಬಿಸಲ ಭಾಳ ಅಂತ.”

“ಮತ್ತ?”

“ಮಾವಿನಕಾಯಿ.”

“ಅದರಾಗ ಸಿಟ್ಟು ಎಲ್ಲೈತಿ, ಹುಡುಕು” ಎಂದರು. ಹುಡುಕಿದೆ, ಸಿಗಲಿಲ್ಲ. ಸಿಟ್ಟಿಲ್ಲದ ನಿಮ್ಮ ಕಾಗದಕ್ಕೆ ನಾನು ಹೆಚ್ಚು ಹೆದರಿದ್ದೇನೆ.

ಒಂದು ವಿಷಯ ತಿಳಿಸಬೇಕು. ಹಾನಗಲ್ಲಿನ ಶಾಲೆಯವರು ಆ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಮತ್ತೆ ಕೇಳಿದ್ದಾರೆ. ಶಾಲೆ ತೆರೆಯುವ ಮೊದಲು ಹೌದು ಅಥವಾ ಇಲ್ಲ ಎನ್ನಬೇಕು. ಸವಣೂರಿನಿಂದ ದಿನಾ ಹೋಗಿ ಬರಲಾಗುವುದಿಲ್ಲ, ಬಸ್ಸು ಬದಲಿಸಿ ಮುಟ್ಟುವಷ್ಟರಲ್ಲಿ ಎರಡನೆಯ ಗಂಟೆ ಹೊಡೆದಿರುತ್ತದೆ. ಹಾನಗಲ್ಲಿನಲ್ಲೇ ಕೋಣೆ ಹಿಡಿಯಬೇಕು. ಅಯಾಜ್ ಅವರನ್ನು ಕೇಳಿದೆ. “ಹಾನಗಲ್ಲಾಗೂ ಎಲಿ ತಿಂತಾರ” ಎಂದರು. ಅವರ ಬಾಯಿಯಲ್ಲಿ ಅದೇ ಒಪ್ಪಿಗೆ.

ಹೌದು ಎಂದರೆ ನಾನು ಇನ್ನು ಆ ಮನೆಗೆ ಹಬ್ಬಕ್ಕೆ, ರಜೆಗೆ ಬರುವವಳಾಗುತ್ತೇನೆ. ಇಲ್ಲ ಎಂದರೆ ಮನೆಗೇ ಬರುತ್ತೇನೆ. ನಡುವೆ ದಾರಿ ಹುಡುಕಿದೆ, ಕಾಣಲಿಲ್ಲ. ನೀವು ಏನಾದರೂ ಹೇಳುತ್ತೀರೆಂದು ಕಾಯುತ್ತಿದ್ದೇನೆ. ಬೈದರೂ ನಡೆಯುತ್ತದೆ.

ಫರ್ಹತ

&nbsp;

ಸವಣೂರು
೨೧ ಮೇ ೨೦೨೪

ಫರ್ಹತಳಿಗೆ ಸಲಾಮು.

ನಿನ್ನ ಎರಡೂ ಕಾಗದಗಳಿಗೆ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ತಡವಾದದ್ದು ಯಾಕೆಂದರೆ ಓದುವುದಿತ್ತು.

ನಾನು ತೆರೆದು ನೋಡಿಲ್ಲ ಎಂದು ಬರೆದೆಯಲ್ಲ, ಆ ಸಾಲು ಮುಳ್ಳಿನಂತೆ ಕೂತಿತು. ಉಳಿದ ಹಾಳೆಗಳನ್ನು ತೆಗೆದುಕೊಂಡು ಪಡಸಾಲೆಯಲ್ಲಿ ಕೂತೆ. ಕುಲಸುಮಬಿ ಮತ್ತು ಎಲೆ ಕಟ್ಟುವ ಹೆಂಗಸರು ಎದುರಿಗೆ. ಗಟ್ಟಿಯಾಗಿ ಓದಿದೆ. ಒತ್ತಕ್ಷರ ಬಂದಲ್ಲೆಲ್ಲ ನಿಂತೆ.

“ನೀ ಓದಾಕತ್ತೀಯೋ, ಕೆಸರಾಗ ಗಾಡಿ ನೂಕಾಕತ್ತೀಯೋ?” ಅಂದಳು ಕುಲಸುಮಬಿ.

“ನಿನಗ ಬರತೈತೇನು? ಬರತಿದ್ರ ಓದು.”

“ನನ್ನ ಸಾಲಿಗೆ ಕಳಿಸಿದ್ರ ಓದ್ತಿದ್ದೆ. ನೂಕು, ನೂಕು.”

ಹೀಗೆ ದಿನಕ್ಕೆ ಒಂದು ಪದ, ಎರಡು ಪದ. ತಂದೆಯ ಪದ ಬಂತು. ಅವನು ಹೊಲದಿಂದ ಬರುತ್ತಾನೆ, ಕೂಡುತ್ತಾನೆ, ನೀರು ಕುಡಿಯುತ್ತಾನೆ. ಎಲ್ಲರೂ ಅವನ ಮುಖ ನೋಡುತ್ತಾರೆ. ಅವನು ಯಾರ ಮುಖವನ್ನೂ ನೋಡುವುದಿಲ್ಲ. ಬರೆದವನು ಅದನ್ನು ಹೊಗಳಿಕೆ ಎಂದು ಬರೆದಿದ್ದಾನೆ. ಹೆಂಗಸರು ಎಲೆಯ ಮೇಲೆ ಬಾಗಿ ನಗುತ್ತಿದ್ದರು, ಯಾಕೆಂದು ನಾನು ಕೇಳಲಿಲ್ಲ.

ಎಲ್ಲವೂ ಅಂಥವಲ್ಲ. ಅಕ್ಕಿ ಕೇರುವ ತಾಯಿಯ ಪದ ಒಂದಿದೆ. ನುಚ್ಚು ತನ್ನ ಮೊರಕ್ಕೆ, ಅಕ್ಕಿ ಮಕ್ಕಳ ಗಡಿಗೆಗೆ. ಅದನ್ನು ಓದುವಾಗ ಒತ್ತಕ್ಷರ ಇಲ್ಲದ ಜಾಗದಲ್ಲೂ ನಾನು ನಿಂತೆ. ಅದೂ ಆ ಪುಸ್ತಕದಲ್ಲೇ ಇತ್ತು. ಅದನ್ನೂ ನೀನು ಹಾಕಿದ್ದೆ.

ಆಮೇಲೆ ಸೊಸೆಯ ಪದ ಬಂತು. ಸುಭಾಸ ಅದನ್ನು ಯಾರಿಗೂ ಕಟ್ಟಿಕೊಟ್ಟಿರಲಿಲ್ಲ. ಓದಿ ಮುಗಿಸಿದೆ. ಯಾರೂ ನಗಲಿಲ್ಲ. ಕುಲಸುಮಬಿ ಕೈಯಲ್ಲಿದ್ದ ಕಟ್ಟನ್ನು ಬಿಟ್ಟಳು.

“ಹಾಜರಾ ಹೊಲಿಗಿ ಮಷಿನ್ ಕಲೀತೇನಿ ಅಂದಿದ್ಲು, ನೆನಪೈತೇನು?” ಅಂದಳು.

“ಇಲ್ಲ.”

“ನಮ್ಮವ್ವ ಬ್ಯಾಡ ಅಂದಳು. ನೀ ಎಲ್ಲಿದ್ದಿ?”

“ತೋಟದಾಗ ಇದ್ದಿರಬೇಕು.”

“ನೀ ಯಾವಾಗ್ಲೂ ತೋಟದಾಗ ಇರ್ತಿ. ಆಕಿ ಆವಾಗಿಂದ ಈ ಪದ ಹಿಡಕೊಂಡ್ಲು. ಬಾಂಡೆ ತಿಕ್ಕುವಾಗ ಇದು, ರೊಟ್ಟಿ ಬಡಿಯುವಾಗ ಇದು.”

“ಬ್ಯಾಡ ಅಂದ ಮ್ಯಾಲೆ ಅದನ್ನ ಯಾಕ ಹಾಡಬೇಕು?”

“ಮತ್ತೇನ್ ಮಾಡ್ತಾಳ? ಹಾಡಿ ಚಂದ ಮಾಡ್ಕೊಂಡು ನುಂಗಿದ್ಲು. ಬರೇ ನುಂಗಾಕ ಅದು ಇಳೀತದೇನು?”

ಅವಳ ಜೊತೆ ನಾನು ಅಷ್ಟು ವರ್ಷ ಸಂಸಾರ ಮಾಡಿದೆ. ಪಡಸಾಲೆಯಲ್ಲಿ ಕೂತು ದನಿ ಕೇಳಿದೆ. ನಿನ್ನ ದನಿ ಕೇಳಿದಂತೆಯೇ. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಆದರೂ ಒಂದು ಹೇಳುತ್ತೇನೆ. ಪುಸ್ತಕ ಹಾಕಿದ್ದು ಸರಿಯಲ್ಲ. ನನ್ನೆದುರು ಬಂದು ನಿಂತು ಕೇಳಬೇಕಿತ್ತು. ನಾನು ಕೂಗಾಡುತ್ತಿದ್ದೆ. ಕೂಗಾಡಿದರೇನು, ನೀನೂ ಕೂಗಬೇಕಿತ್ತು. ಪರದೆಯ ಹಿಂದೆ ನಿಂತವರಿಗೆ ನನ್ನ ಬೆನ್ನು ಬಿಟ್ಟರೆ ಬೇರೆ ಏನು ಕಾಣುತ್ತದೆ?

ಹಾನಗಲ್ಲಿನ ವಿಷಯ. ಹಾನಗಲ್ಲೇ ಯಾಕೆ ಬೇಕು? ಸವಣೂರಿನಲ್ಲಿ ಶಾಲೆಗಳು ಸತ್ತಿವೆಯೇ? ಮನೆಯಲ್ಲಿದ್ದುಕೊಂಡು ನಡೆದು ಹೋಗುವಂಥದ್ದು ಏನಾದರೂ ಸಿಗುತ್ತದೆಯೋ ಎಂದು ಮುಂದಿನ ವರ್ಷ ವಿಚಾರಿಸೋಣ. ಅವಸರ ಏನಿದೆ. ಮೊದಲು ಮನೆಗೆ ಬಾ.

ಶೇಖಸಾಬ

&nbsp;

ಅಕ್ಕಿಆಲೂರು
೨೮ ಮೇ ೨೦೨೪

ಅಬ್ಬಾ ಅವರಿಗೆ ಸಲಾಮು.

ನೀವು ತೋಟದ ಕಾಲುವೆಯಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡದ್ದನ್ನು ಅಯಾಜ್ ಇವತ್ತು ಹೇಳಿದರು. ಅದೂ ನಾನು ಎರಡು ಸಲ ಕೇಳಿದ ಮೇಲೆ. ಪ್ಲಾಸ್ಟರ್ ಹಾಕಿದ್ದಾರಂತೆ, ಫೂಫು ಒಬ್ಬರೇ ಒಲೆ, ನೀರು, ಎಲೆ ಎಲ್ಲ ನೋಡುತ್ತಿದ್ದಾರಂತೆ. ಅವರಿಗೂ ಮೊಣಕಾಲಿನ ಬೇನೆ. ಕಟ್ಟದೆ ಉಳಿದ ಎಲೆ ಕೊಳೆಯುತ್ತಿದೆಯಂತೆ.

ನಾನು ಬರುತ್ತೇನೆ. ಇಲ್ಲ ಎಂದು ನಾಳಿದ್ದು ಶಾಲೆಯವರಿಗೆ ತಿಳಿಸುತ್ತೇನೆ. ಸೋಮವಾರ ಪಾಠ ಶುರು, ಅಂದು ಅವರು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ.

ಇದು ಸಿಟ್ಟಿನಲ್ಲಿ ಬರೆದದ್ದಲ್ಲ, ಆ ಪದಕ್ಕೆ ಸೋತು ಬರೆದದ್ದೂ ಅಲ್ಲ. ನಿಮ್ಮ ಕಳೆದ ಕಾಗದವನ್ನು ಬಹಳ ಸಲ ಓದಿದೆ. ಒತ್ತಕ್ಷರಕ್ಕೆ ನಿಲ್ಲುತ್ತ ಅಷ್ಟೂ ಓದಿದಿರಲ್ಲ. ನನಗೆ ಯಾರೂ ಅಷ್ಟು ಮಾಡಿಲ್ಲ. ಮನೆಯಲ್ಲಿ ಕಾಲು ಮುರಿದವರಿರುವಾಗ ನಾನು ಹಾನಗಲ್ಲಿನಲ್ಲಿ ನಿಂತು ಹುಡುಗಿಯರಿಗೆ ಏನು ಪಾಠ ಹೇಳಲಿ? ಅಯಾಜ್ ಅವರಿಗೆ ಗಾಡಿ ತೆಗೆದುಕೊಂಡು ಬರಲು ಹೇಳಿ.

ಫರ್ಹತ

&nbsp;

ಸವಣೂರು
೨೯ ಮೇ ೨೦೨೪

ಫರ್ಹತಳಿಗೆ,

ಬರಬೇಡ.

ಶಾಲೆಯವರಿಗೆ ಇಲ್ಲ ಎಂದು ಹೇಳಬೇಡ. ಈ ಕಾಗದ ಮೊದಲು ಮುಟ್ಟಲಿ ಎಂದು ಸಂತೆಯ ದಿನವಲ್ಲದಿದ್ದರೂ ಗಾಡಿ ಹೊರಡಿಸಿದ್ದೇನೆ. ಅಯಾಜ್ ಎಲ್ಲಿಯೂ ಚಹಾಕ್ಕೆ ನಿಲ್ಲುವಂತಿಲ್ಲ.

ನಿಜ ಬರೆಯುತ್ತೇನೆ. ನೀನು ಬರುತ್ತೀ ಎಂದು ಓದಿದ ಕೂಡಲೇ ನನಗೆ ಖುಷಿಯಾಯಿತು. ಕಾಲು ಮುರಿದದ್ದು ಒಳ್ಳೆಯದೇ ಆಯಿತು ಎನ್ನುವಷ್ಟು. ಕುಲಸುಮಬಿಗೆ ಕೂಗಿ ಹೇಳಿದೆ. ಅಯಾಜ್‌ಗೆ “ಹೋಗು, ಕರಕೊಂಡ ಬಾ” ಅಂದೆ. ಅವನು ಎದ್ದು ಹೋಗಿ ಗಾಡಿ ಸುರು ಮಾಡಿದ. ಸುರು ಮಾಡಿ ಬಂದ್ ಮಾಡಿದ. ತಿರುಗಿ ಒಳಗೆ ಬಂದು ನನ್ನ ಹಾಸಿಗೆಯ ಹತ್ತಿರ ನಿಂತ.

“ಅಬ್ಬಾ, ಈಗ ಬಂದ್ರ ಆಕಿ ಮತ್ತ ಹೋಗೂದಿಲ್ಲ” ಅಂದ.

“ಹೋಗೂದಿಲ್ಲಂದ್ರ ಛಲೋ ಆತಲ್ಲ.”

“ನಿಮಗ ಛಲೋ.”

ಅಷ್ಟೇ ಅಂದ. ಹುಟ್ಟಿದಾಗಿನಿಂದ ನನಗೆ ಎದುರು ಮಾತಾಡದವನು. ನಾನು ಬೈದೆ, ಹತ್ತಿರ ಇದ್ದ ನೀರಿನ ತಂಬಿಗೆ ಎಸೆದೆ. ಅವನು ಅದನ್ನು ಎತ್ತಿ ನೀರು ತುಂಬಿಸಿ ಇದ್ದಲ್ಲೇ ಇಟ್ಟು ಮತ್ತೆ ನಿಂತ. ಕುಲಸುಮಬಿ ಬಾಗಿಲಲ್ಲಿ. ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

ನಾನೂ ಅವರ ಮುಖ ನೋಡಿದೆ. ಕುಲಸುಮಬಿಯ ಕಣ್ಣಿನ ಕೆಳಗೆ ಕಪ್ಪಾಗಿದೆ. ನೀನು ಬಂದರೆ ಅವಳಿಗೆ ಎಷ್ಟು ಹಗುರ ಎಂದು ನನಗೆ ಗೊತ್ತು. ಅವಳನ್ನೇ ಕೇಳಿದೆ, “ನೀ ಏನಂತಿ?”

“ನಂದೇನ್ ಕೇಳ್ತಿ? ಮೊಣಕಾಲ ಆಕಿ ಬಂದ್ರೂ ನೋಯ್ತಾವ, ಬರದಿದ್ರೂ ನೋಯ್ತಾವ” ಅಂದಳು.

ಇಲ್ಲಿಯ ವ್ಯವಸ್ಥೆ ಕೇಳು, ಚಿಂತೆ ಮಾಡಬೇಡ. ಎಲೆ ಕಟ್ಟುವವರಲ್ಲಿ ಒಬ್ಬಳು ರೊಟ್ಟಿ ಮಾಡಿಕೊಟ್ಟು ಹೋಗುತ್ತಾಳೆ, ದಪ್ಪ ಮಾಡುತ್ತಾಳೆ, ತಿನ್ನುತ್ತೇವೆ. ತೋಟಕ್ಕೆ ಆಳು ಬೀರಪ್ಪ ಬರುತ್ತಾನೆ. ಎಲೆ ಕೊಳೆತದ್ದು ಹೌದು. ಕೊಳೆತದ್ದನ್ನು ಬಳ್ಳಿಯ ಬುಡಕ್ಕೆ ಹಾಕಿಸಿದೆ. ಗುಳಿಗೆಯ ಬಿಳಿ ಡಬ್ಬಿ ನನ್ನ ಕೈಗೆ ಎಟುಕುವಲ್ಲಿದೆ.

ಈ ಕಾಗದದ ಜೊತೆ ನಿನ್ನ ಪೆಟ್ಟಿಗೆ ಬರುತ್ತದೆ. ಮದುವೆಯಲ್ಲಿ ತಂದ ಕಬ್ಬಿಣದ ಪೆಟ್ಟಿಗೆ. ನಿನ್ನ ಬಟ್ಟೆ, ನಿನ್ನ ಪುಸ್ತಕಗಳು, ಬಿ.ಎಡ್. ಸರ್ಟಿಫಿಕೇಟು ಎಲ್ಲ ಅದರಲ್ಲಿವೆ, ಶಾಲೆಯವರು ಕೇಳಿದರೆ ತೋರಿಸಬೇಕಲ್ಲ. ಕುಲಸುಮಬಿ ಮಡಚಿಟ್ಟಿದ್ದಾಳೆ. ನಿನ್ನ ತಾಯಿಗೆ ಮೊದಲೇ ಹೇಳು, ಪೆಟ್ಟಿಗೆ ನೋಡಿ ಎದೆ ಒಡೆದುಕೊಳ್ಳದಿರಲಿ. ನಮ್ಮಲ್ಲಿ ಸೊಸೆಯ ಪೆಟ್ಟಿಗೆ ಗಂಡನ ಮನೆಯಿಂದ ಹೊರಬಿತ್ತೆಂದರೆ ಸಂಬಂಧ ಹರಿಯಿತು ಎಂದೇ ಅರ್ಥ, ಅದು ನನಗೂ ಗೊತ್ತು. ಓಣಿಗೂ ಗೊತ್ತು. ರಾತ್ರಿ ಕಳಿಸಬಹುದಿತ್ತು, ಹಾಸಿಗೆ ಮುಚ್ಚಿ ಕಳಿಸಬಹುದಿತ್ತು. ಬೇಡ ಅಂದೆ. ನಾನು ಅಯಾಜ್ ಮತ್ತು ಬೀರಪ್ಪನ ಹೆಗಲು ಹಿಡಿದು ಬಾಗಿಲಿಗೆ ಬಂದು ಕುರ್ಚಿಯಲ್ಲಿ ಕೂತೆ. ಪೆಟ್ಟಿಗೆ ನಮ್ಮ ಕಣ್ಣೆದುರೇ ಗಾಡಿಗೆ ಏರಿತು. ಅಯಾಜ್ ಈಗ ಹಗ್ಗ ಬಿಗಿಯುತ್ತಿದ್ದಾನೆ, ನಾನು ಬಾಗಿಲಲ್ಲೇ ಕೂತು ಇದನ್ನು ಮುಗಿಸುತ್ತಿದ್ದೇನೆ. ಸುತ್ತಲಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಕೊನೆಗೆ ಗುದ್ಲೆಪ್ಪನಿಗೆ ತಡೆಯಲಾಗಲಿಲ್ಲ, ರಸ್ತೆ ದಾಟಿ ಬಂದು ದನಿ ತಗ್ಗಿಸಿ ಕೇಳಿದ.

“ಶೇಖಸಾಬ್ರ, ಏನಿದು? ಸೊಸಿ ಪೆಟ್ಟಿಗಿ ಹೊಂಟೈತಲ್ಲ.”

ನಾನು ದನಿ ತಗ್ಗಿಸಲಿಲ್ಲ. ಎಲ್ಲರಿಗೂ ಕೇಳಲಿ ಎಂದೇ ಹೇಳಿದೆ.

“ಹೌದು. ನನ್ನ ಸೊಸಿ ಸೋಮವಾರದಿಂದ ಸಾಲಿಗೆ ಹೊಂಟಾಳ. ಕಲಸಾಕ.”

ಶೇಖಸಾಬ